ಮಾವನ ಸ್ಲೇಟು

ಷಡಕ್ಷರಪ್ಪನವರ ಮನೆಯಲ್ಲಿ ಯಾವ ಮಾತೂ ನೆಟ್ಟಗೆ ಹೋಗುತ್ತಿರಲಿಲ್ಲ. ಹೊರಟ ಮಾತು ಮೊದಲು ಕಾಶಮ್ಮನ ಹತ್ತಿರ ಬರಬೇಕು, ಅಲ್ಲಿಂದ ಸೇರಬೇಕಾದ ಕಿವಿಗೆ ಹೋಗಬೇಕು. ಮಗ ಶಿವಶಂಕರನ ಚಪ್ಪಲಿ ಹರಿದರೆ ಅಮ್ಮನಿಗೆ ಹೇಳುತ್ತಿದ್ದ. ಮಗನ ಕ್ರಾಪು ಹಿಡಿಸದಿದ್ದರೆ ಅಪ್ಪನೂ ಅವಳಿಗೇ ಹೇಳುತ್ತಿದ್ದರು, ಆ ಕ್ರಾಪಿನ ತಲೆ ಎದುರಿಗೇ ಬಗ್ಗಿ ರೊಟ್ಟಿ ತಿನ್ನುತ್ತಿದ್ದರೂ. ಅಪ್ಪ ಮಗ ಇಬ್ಬರೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದವರು. ಓಲ್ಡ್ ಟೌನಿನ ಮನೆಯಿಂದ ಒಂದೇ ಸೈರನ್ನಿಗೆ ಹೊರಟು, ಒಂದೇ ಸೇತುವೆ ದಾಟಿ, ಒಂದೇ ಗೇಟಿನೊಳಗೆ ಹೋಗುತ್ತಿದ್ದರು. ನಡುವೆ ಮಾತ್ರ ಹತ್ತು ಮಾರು ಅಂತರ, ಒಂದು ಮಾತಿಲ್ಲ. ಜಗಳವೇನೂ ಅಲ್ಲ. ಮಾತು ಸಾಗಿಸುವ ಕಾಶಮ್ಮ ಮನೆಯಲ್ಲಿ ಇದ್ದಳಲ್ಲ, ದಾರಿಯಲ್ಲಿ ಅವರು ಮಾತಾಡುವುದಾದರೂ ಹೇಗೆ?

ಮಗನ ಪಾಡೇ ಹೀಗಾದರೆ ಸೊಸೆಯದನ್ನು ಕೇಳಬೇಕೆ. ಜಯಶೀಲಾ ಆ ಮನೆಗೆ ಬಂದು ಒಂದು ವರ್ಷವಾಗಿತ್ತು. ಮಾವನ ಎದುರು ನಿಲ್ಲಬಾರದು, ಮಾವನೊಂದಿಗೆ ಮಾತಾಡಬಾರದು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ; ೧೯೫೪ರಲ್ಲಿ ಅದನ್ನು ಹೇಳಿಕೊಡಬೇಕಾಗಿಯೂ ಇರಲಿಲ್ಲ. ಮಾವನಿಗೆ ಸಾರಿಗೆ ಎಷ್ಟು ಉಪ್ಪು ಬೇಕು, ರೊಟ್ಟಿ ಎಷ್ಟು ತೆಳ್ಳಗಿರಬೇಕು, ಯಾವ ಕೆಮ್ಮು ಸಿಟ್ಟಿನದು, ಯಾವ ಕೆಮ್ಮು ಬರಿಯ ಕೆಮ್ಮು, ಎಲ್ಲವೂ ಅವಳಿಗೆ ಗೊತ್ತು. ಮಾವನಿಗೆ ಮಾತ್ರ ಅವಳ ದನಿ ಹೇಗಿದೆ ಅನ್ನುವುದೂ ಗೊತ್ತಿರಲಿಲ್ಲ.

ಅವಳ ತವರು ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ. ಕಾಲೇಜು ಸೇರಿ ಇಂಟರ್‌ಮೀಡಿಯೆಟ್‌ನ ಮೊದಲ ವರ್ಷ ಪಾಸು ಮಾಡಿದ್ದಳು, ಅದರಲ್ಲೂ ಇಂಗ್ಲಿಷಿನಲ್ಲಿ ತರಗತಿಗೇ ಮೊದಲಿಗಳು. ಅಷ್ಟರಲ್ಲಿ ಈ ಸಂಬಂಧ ಬಂತು. ಇನ್ನೊಂದು ವರ್ಷ ಬಾಕಿ ಇದೆಯಲ್ಲ ಎಂದು ಹುಡುಗಿ ರಾಗ ಎಳೆದಾಗ, ಭದ್ರಾವತಿ ಏನು ಲಂಡನ್ನಾ, ರೈಲಿಗೆ ಹೋಗಿ ಓದಿಕೊಂಡು ಬಂದರಾಯ್ತು ಎಂದು ಮದುವೆ ಮಾತಾಡಲು ಬಂದ ಹಿರಿಯರು ವೀಳ್ಯ ಮೆಲ್ಲುತ್ತಾ ಹೇಳಿದ್ದರು. ವೀಳ್ಯ ಉಗುಳಿದಾಗ ಆ ಮಾತೂ ಅದರೊಂದಿಗೆ ಹೋಯಿತೋ ಏನೋ, ಮದುವೆಯಾದ ಮೇಲೆ ಯಾರ ಬಾಯಲ್ಲೂ ಬರಲಿಲ್ಲ. ಗಂಡನನ್ನು ಕೇಳಿದಳು. ಶಿವಶಂಕರ ಒಳ್ಳೆಯ ಹುಡುಗ. ನನ್ನದೇನೂ ಅಡ್ಡಿಯಿಲ್ಲ, ಅಪ್ಪನ್ನ ಕೇಳ್ಬೇಕಲ್ಲ ಎಂದು ತಲೆ ಕೆರೆದುಕೊಂಡ. ಅಪ್ಪನನ್ನು ಕೇಳುವುದೆಂದರೆ ಅಮ್ಮನನ್ನು ಕೇಳುವುದು. ಕೇಳಿದ್ದಾಯಿತು. ಎರಡು ದಿನ ಬಿಟ್ಟು ಕಾಶಮ್ಮ, "ನೋಡೋಣ ಅಂದ್ರು ಕಣೆ" ಎಂದಳು. ಆ 'ನೋಡೋಣ'ದ ಮೇಲೆ ಜಯಶೀಲಾ ಒಂದು ವರ್ಷ ಜೀವ ಹಿಡಿದುಕೊಂಡಿದ್ದಳು. ಈಗ ಮತ್ತೆ ಜೂನ್ ಬರುತ್ತಿತ್ತು. ಇಪ್ಪತ್ತನೇ ತಾರೀಖಿನೊಳಗೆ ಸೇರದಿದ್ದರೆ ಮೊದಲ ವರ್ಷದ ಓದೂ ಬಿದ್ದುಹೋಗುತ್ತದೆ, ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ ಎಂದು ತವರಿನಿಂದ ಕಾಗದ ಬಂದಿತ್ತು.

ಅಂಥ ಹೊತ್ತಿನಲ್ಲಿ ಇಂಗ್ಲಿಷು ತಾನಾಗಿಯೇ ಮನೆಬಾಗಿಲಿಗೆ ಬಂತು.

ಷಡಕ್ಷರಪ್ಪನವರು ಪ್ಯಾಟರ್ನ್ ಶಾಪಿನ ಮೇಸ್ತ್ರಿ. ಕಬ್ಬಿಣದಲ್ಲಿ ಎರಕ ಹೊಯ್ಯಬೇಕಾದ ಗಾಲಿಯನ್ನೋ ಪೈಪನ್ನೋ ಮೊದಲು ಮರದಲ್ಲಿ ಕೊರೆದು ಮಾಡಿಕೊಡುವ ಕೆಲಸ ಅದು. ಆ ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ, ತೆಗೆದು, ಆ ಗುಂಡಿಗೆ ಕಾದ ಕಬ್ಬಿಣ ಸುರಿಯುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅವರ ಕೈಯಿಂದ ಹೋದ ಅಚ್ಚು ಒಂದೂ ವಾಪಸು ಬಂದಿರಲಿಲ್ಲ. ಶಾಪಿನ ಫೋರ್‌ಮನ್ ನಿವೃತ್ತರಾಗುತ್ತಿದ್ದರು, ಆ ಜಾಗ ಇವರದೇ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಆಗ ಹೊಸ ನಿಯಮ ಬಂತು: ಫೋರ್‌ಮನ್ ಆಗುವವರು ಇಂಗ್ಲಿಷಿನಲ್ಲಿ ಮೂವತ್ತು ಅಂಕದ ಒಂದು ಪರೀಕ್ಷೆ ಕೊಡಬೇಕು, ಹನ್ನೆರಡಾದರೂ ಬರಬೇಕು. ಜೂನ್ ಹನ್ನೆರಡಕ್ಕೆ ಪರೀಕ್ಷೆ. ಟೈಪು ಮಾಡಿದ ಹಾಳೆಯಲ್ಲಿ ಪಾಠದ ಪಟ್ಟಿಯೂ ಇತ್ತು. ಮೊದಲನೆಯದೇ 'ಪಾರ್ಟ್ಸ್ ಆಫ್ ಸ್ಪೀಚ್'.

ಐವತ್ತು ದಾಟಿದ ಮೇಸ್ತ್ರಿಗೆ ಇಂಗ್ಲಿಷ್ ವ್ಯಾಕರಣವೆಂದರೆ ನೀರಿಳಿಯದ ಗಂಟಲಿಗೆ ಕಡುಬು ತುರುಕಿದ ಹಾಗೆ. ಅಕ್ಷರ ಬರುತ್ತಿತ್ತು, ಡ್ರಾಯಿಂಗಿನ ಮೇಲಿನ ಪದಗಳನ್ನು ಕೂಡಿಸಿ ಓದುತ್ತಿದ್ದರು, ಅಷ್ಟೇ. ಮಗ ಒಂದು ಸಂಜೆ ಹೇಳಿಕೊಡಲು ಕೂತ. ಕಾಲು ಗಂಟೆಯಲ್ಲಿ ಅಪ್ಪನಿಗೆ ಸಿಟ್ಟು, ಮಗನಿಗೆ ಬೆವರು. ಆಮೇಲೆ ಎರಡು ದಿನ ಮನೆಯಲ್ಲಿ ಕೆಮ್ಮು ಬಿಟ್ಟು ಬೇರೆ ಸದ್ದಿಲ್ಲ. ಮೂರನೆಯ ದಿನ ಕಾಶಮ್ಮ ಗಂಡನ ಮುಂದೆ ಮಂಡಕ್ಕಿಯ ತಟ್ಟೆ ಇಟ್ಟು, ಮನೇಲೇ ಇಂಗ್ಲಿಷಿನ ಬಾವಿ ಇಟ್ಕೊಂಡು ಊರೆಲ್ಲ ನೀರು ಹುಡುಕ್ತೀರಲ್ಲ ಎಂದಳಂತೆ. ಅದು ಹೇಗೆ ಸಾಧ್ಯ, ಸೊಸೆಯ ಮುಂದೆ ಕೂರಲೇ ಎಂದು ಅವರು. ನೀವು ಜಗುಲಿಯಲ್ಲಿರಿ, ಅವಳು ಅಡುಗೆಮನೆಯಲ್ಲಿರಲಿ, ನಡುವೆ ನಾನಿಲ್ಲವೇ ಎಂದು ಅವಳು.

ಹೀಗೆ ಪಾಠ ಶುರುವಾಯಿತು. ಜಗುಲಿಯಲ್ಲಿ ಮಾವ, ಒಳಗೆ ಅಡುಗೆಮನೆಯಲ್ಲಿ ಸೊಸೆ, ಮಧ್ಯದ ಎರಡು ಅಂಕಣ ದಾಟಿ ಹೋಗಿ ಬರುವ ಕಾಶಮ್ಮ. ಓದು ಬರಹ ಬಾರದ ಹೆಂಗಸು ಇಂಗ್ಲಿಷ್ ವ್ಯಾಕರಣವನ್ನು ತುಂಬಿದ ಕೊಡದಂತೆ ತುಳುಕದ ಹಾಗೆ ಹೊತ್ತು ನಡೆದಳು. "ನೌನು, ನೌನು, ನೌನು" ಎಂದು ಬಾಯಲ್ಲೇ ಹೇಳಿಕೊಳ್ಳುತ್ತಾ ಜಗುಲಿಗೆ ಹೋಗಿ, ಹೆಸರೆಲ್ಲ ನೌನಂತೆ ಎಂದು ಇಳಿಸಿ, ಉಸಿರು ಬಿಟ್ಟು, ಇನ್ನೊಂದಕ್ಕೆ ವಾಪಸು ಬರುತ್ತಿದ್ದಳು. ಮನುಷ್ಯರ ಹೆಸರಿಗೆ ಒಂದು ಉದಾಹರಣೆ ಬೇಕಾಯಿತು. ಮಾವನ ಹೆಸರೇ ಹತ್ತಿರದ್ದು, ಆದರೆ ಅದನ್ನು ಸೊಸೆಯೂ ಹೇಳುವ ಹಾಗಿಲ್ಲ, ಹೆಂಡತಿಯೂ ಹೇಳುವ ಹಾಗಿಲ್ಲ. ಕಡೆಗೆ ನಿಮ್ಮ ಹೆಸರೂ ಒಂದು ನೌನಂತೆ ಎಂದು ಕಾಶಮ್ಮ ಒಪ್ಪಿಸಿದಳು. ಮೇಸ್ತ್ರಿಗೆ ಅದು ಇಷ್ಟವಾಯಿತು.

ಹೆಸರು ಹೇಳದೆ ಅದರ ಬದಲಿಗೆ ಅವರು, ಇವರು, ಅವನು, ಅದು ಅನ್ನುವುದೇ ಪ್ರೊನೌನ್ ಎಂದು ಜಯಶೀಲಾ ಹೇಳಿದಾಗ ಕಾಶಮ್ಮ ಒಲೆಯ ಮುಂದೆ ಕೂತೇಬಿಟ್ಟಳು. ನಗು ತಡೆಯಲಾಗಲಿಲ್ಲ.

"ಇಪ್ಪತ್ತೇಳು ವರ್ಷದಿಂದ ನಿಮ್ಮ ಮಾವನ್ನ ನಾನು ಇಂಗ್ಲಿಷಲ್ಲೇ ಕರೀತಿದೀನಲ್ಲೇ ಮಾರಾಯ್ತಿ, ಹಾಗಾದ್ರೆ."

ವರ್ಬ್ ಎಂದರೆ ಮಾಡುವ ಕೆಲಸ ಅಂದಾಗ ಅದು ಈ ಮನೆಯಲ್ಲಿ ಯಾರ ಪಾಲಿಗೆ ಬಂದಿದೆ ಅನ್ನುವುದು ಗೊತ್ತಿದೆ ಬಿಡು ಎಂದಳು. ಅಡ್ಜೆಕ್ಟಿವ್ ಎಂದರೆ ಹೆಸರಿನ ಗುಣ ಹೇಳುವುದು. ಸಾರು ತೆಳ್ಳಗೆ, ರೊಟ್ಟಿ ದಪ್ಪ, ಪಲ್ಯ ಸಪ್ಪೆ, ಇವೆಲ್ಲ ಮೇಸ್ತ್ರಿಯ ಬಾಯಲ್ಲಿ ದಿನಾ ಉದುರುವ ಮಾತುಗಳೇ. ಒಳಗೆ, ಮೇಲೆ, ಕೆಳಗೆ ಎಂದು ಜಾಗ ಹೇಳುವ ಪ್ರಿಪೊಸಿಷನ್ನು ಡ್ರಾಯಿಂಗ್ ಓದಿದ ಮೇಸ್ತ್ರಿಗೆ ಸಲೀಸಾಯಿತು. ಜೋಡಿಸುವ ಪದ ಕಂಜಂಕ್ಷನ್ ಎಂದಾಗ ಶಿವಶಂಕರ, ಅದು ಅಮ್ಮನೇ ಎಂದು ಹೆಂಡತಿಯ ಕಿವಿಯಲ್ಲಿ ಹೇಳಿ ನಗಿಸಿದ. ಆ ದಿನಗಳಲ್ಲಿ ಆ ಮನೆಗೆ ಹಬ್ಬದ ಕಳೆ ಬಂದಿತ್ತು. ಸೌತೆಕಾಯಿ ಹೆಚ್ಚುತ್ತಾ ನೌನು, ಮುಸುರೆ ತಿಕ್ಕುತ್ತಾ ವರ್ಬು. ಜಯಶೀಲಾಗೆ ಬಹಳ ತಿಂಗಳ ಮೇಲೆ ಮೈಯಲ್ಲಿ ಹುರುಪು ಬಂತು. ಮಾವ ಪಾಸಾಗಲಿ, ಆಮೇಲೆ ನನ್ನ ಮಾತು ಎತ್ತಿದರೆ ಇಲ್ಲ ಅಂದಾರೆಯೇ ಎಂದು ಒಗ್ಗರಣೆ ಹಾಕುವಾಗೆಲ್ಲ ಅಂದುಕೊಳ್ಳುತ್ತಿದ್ದಳು.

ಭಾನುವಾರ ಪೀರ್ ಬಾಷಾ ಕೂಡ ಬರತೊಡಗಿದರು. ಅವರು ಎರಕದ ಶಾಪಿನ ಮೇಸ್ತ್ರಿ, ಷಡಕ್ಷರಪ್ಪನವರ ಗೆಳೆಯರು, ಅವರ ಶಾಪಿಗೂ ಇದೇ ಪರೀಕ್ಷೆ. ಇಂಟರ್ಜೆಕ್ಷನ್ ಎಂದರೆ ನೋವೋ ಸಂತೋಷವೋ ಆದಾಗ ತಟ್ಟನೆ ಬರುವ ಕೂಗು, ಒಂದು ಬರೆಯಿರಿ ಎಂದು ಒಳಗಿನಿಂದ ಅಪ್ಪಣೆ ಹೋಯಿತು. ಪೀರ್ ಬಾಷಾ ಬಹಳ ಹೊತ್ತು ಯೋಚಿಸಿ, ಅಚ್ಚಿನ ಪೆಟ್ಟಿಗೆ ಕಾಲ ಮೇಲೆ ಬಿದ್ದಾಗ ನಮ್ಮ ಶಾಪಿನಲ್ಲಿ ಬರುವ ಕೂಗು ಗೊತ್ತು, ಅದನ್ನ ಅಕ್ಕಾವ್ರ ಕೈಲಿ ಒಳಗೆ ಕಳಿಸೋ ಹಾಗಿಲ್ಲ ಎಂದರು.

ಹೇಳಿದ್ದು ಸಾಕು, ಇನ್ನು ಬರೆಸಬೇಕು ಎಂದು ಜಯಶೀಲಾ ಸ್ಲೇಟು ತರಿಸಿದಳು. ಒಂದು ವಾಕ್ಯ ಬರೆದು ಕಳಿಸುವಳು. ಮಾವ ಪ್ರತಿಯೊಂದು ಪದದ ಮುಂದೆ ಅದು ಯಾವ ಜಾತಿಯದೆಂದು ಬರೆದು ಕಳಿಸುವರು. ಇವಳು ಸರಿ ತಪ್ಪು ಗುರುತು ಹಾಕಿ ವಾಪಸು ಕಳಿಸುವಳು. ಸ್ಲೇಟು ಕಾಶಮ್ಮನ ಸೆರಗಿನ ಮರೆಯಲ್ಲಿ ದಿನಕ್ಕೆ ಎಂಟು ಹತ್ತು ಸಲ ಓಡಾಡಿತು. ಆದರೆ ಒಂದು ವಿಚಿತ್ರ. ಮಾವ ಇವತ್ತು ಮಾಡಿದ ತಪ್ಪನ್ನೇ ನಾಳೆ ಮಾಡುವರು, ನಾಳೆಯದನ್ನೇ ನಾಡಿದ್ದು. 'ಹಾಟ್' ಎಂಬ ಪದ ಬಂದರೆ ಸಾಕು, ನೌನ್ ಎಂದು ಬರೆಯುವರು. ಅದು ಗುಣ, ಹೆಸರಲ್ಲ ಎಂದು ಇವಳು ನಾಲ್ಕು ಸಲ ತಿದ್ದಿದಳು, ಐದನೆಯ ಸಲವೂ ನೌನೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಮನಸ್ಸಿನಲ್ಲೇ ಮಾವನನ್ನು ಬೈದುಕೊಂಡಳು. ಮಾವ ಏನಂದರು ಅತ್ತೆ ಎಂದು ಕೇಳಿದರೆ, ಬಹಳ ಚೆನ್ನಾಗಿ ಹೇಳಿಕೊಡುತ್ತಾಳೆ ಅಂದರು ಎಂದು ಕಾಶಮ್ಮ ಹೇಳುವಳು. ಅದಂತೂ ಕಿವಿಗೆ ಹಿತವಾಗಿತ್ತು.

ಅತ್ತ ಮೇಸ್ತ್ರಿಗಳ ನಡಿಗೆಯೇ ಬದಲಾಗಿತ್ತು. ಡ್ರಾಯಿಂಗ್ ಆಫೀಸಿನ ಗುಮಾಸ್ತ ಬರೆದ ಕಾಗದವೊಂದನ್ನು ಹಿಡಿದು, ಇದರಲ್ಲಿ ವರ್ಬು ಸರಿಯಾಗಿ ಕೂತಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿ ಬಂದಿದ್ದರು. ಪಾಪ, ಆ ಗುಮಾಸ್ತ ಮೇಸ್ತ್ರಿಯ ಬಾಯಿಗೆ ಹೆದರಿ ಹೌದು ಸ್ವಾಮಿ ಎಂದನಂತೆ. ಈ ಸುದ್ದಿಯನ್ನು ಶಿವಶಂಕರ ಮನೆಗೆ ತಂದಾಗ ಜಯಶೀಲಾ ಬೆರಳು ಮಡಿಚಿ ಲೆಕ್ಕ ಹಾಕಿದಳು. ಹತ್ತರಲ್ಲಿ ಐದು ತಪ್ಪು ಮಾಡುವವರಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು?

ಪರೀಕ್ಷೆಗೆ ಹನ್ನೆರಡು ದಿನ ಇತ್ತು. ಸ್ಲೇಟು ತಿದ್ದಿ ಕೊಟ್ಟು, ತೊಗರಿಬೇಳೆ ತರಲೆಂದು ಅವಳು ನಡುವಿನ ಉಗ್ರಾಣಕ್ಕೆ ಹೋದಳು. ಅಲ್ಲಿ ಕಾಶಮ್ಮ ಗೋಡೆಗೆ ಮುಖ ಮಾಡಿ, ಸ್ಲೇಟನ್ನು ಬೇಳೆಯ ಡಬ್ಬದ ಮೇಲಿಟ್ಟುಕೊಂಡು, ಬೆರಳನ್ನು ನಾಲಗೆಗೆ ಒತ್ತಿ, ಸೊಸೆ ಹಾಕಿದ ತಪ್ಪು ಗುರುತುಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ಒರೆಸಿದಲ್ಲೆಲ್ಲ ಬಳಪದಿಂದ ಸರಿ ಗುರುತು ಎಳೆಯುತ್ತಿದ್ದಳು. ದಿನಾ ರಂಗೋಲಿ ಹಾಕುವ ಕೈ. ಸೊಸೆಯ ಗುರುತಿಗಿಂತ ಅತ್ತೆಯದೇ ನೀಟಾಗಿತ್ತು.

ಕಾಶಮ್ಮ ತಿರುಗಿ ನೋಡಿ ಬಳಪವನ್ನು ಸೆರಗಿಗೆ ಸೇರಿಸಿದಳು. ಎಷ್ಟು ದಿನದಿಂದ ಎಂದು ಸೊಸೆ ಕೇಳಿದ್ದಕ್ಕೆ ಮೊದಲಿನಿಂದಲೂ ಎಂದಳು. ಪೀರ್ ಬಾಷಾರ ಸ್ಲೇಟಿಗೂ ಅದೇ ಉಪಚಾರವಾಗಿತ್ತು. ಒಬ್ಬರಿಗೆ ಮಾಡಿ ಇನ್ನೊಬ್ಬರಿಗೆ ಬಿಟ್ಟರೆ ಪಂಕ್ತಿಭೇದ ಆಗುವುದಿಲ್ಲವೇ.

"ತಪ್ಪು ಅಂದ್ರೆ ಅವ್ರು ತಟ್ಟೆ ಬಿಟ್ಟು ಎದ್ದು ಹೋಗ್ತಾರೆ ಕಣೆ. ಈ ಮನೇಲಿ ಇಲ್ಲ ಅನ್ನೋ ಮಾತನ್ನ ನಾನು ಇಲ್ಲ ಅಂತಲೇ ಯಾವತ್ತೂ ದಾಟಿಸಿಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದನ್ನು ಜಯಶೀಲಾ ಕೇಳಿದ್ದಳು. ಇಲ್ಲಿ ಪೂಜಾರಿಯೇ ವರವನ್ನೂ ಶಾಪವನ್ನೂ ತನಗೆ ತೋಚಿದಂತೆ ಹಂಚುತ್ತಿದ್ದಳು. ಹಾಗಾದರೆ ಮಾವ ಹೊಗಳಿದರು ಅಂದದ್ದೆಲ್ಲ? ಹೋದ ವರ್ಷ 'ನೋಡೋಣ' ಅಂದದ್ದು? ಕೇಳಲು ಧೈರ್ಯವಾಗಲಿಲ್ಲ, ಉತ್ತರ ಗೊತ್ತಾಗಿಬಿಟ್ಟರೆ ಏನು ಮಾಡುವುದು? ಈಗ ಹನ್ನೆರಡು ದಿನ ಮಾತ್ರ ಅವಳ ಕೈಯಲ್ಲಿತ್ತು. ಮಾವ ಫೇಲಾದರೆ ಆ ಅವಮಾನದ ಮನೆಯಲ್ಲಿ ಕಾಲೇಜಿನ ಮಾತೆತ್ತುವುದು ಕನಸೇ. ಸ್ಲೇಟನ್ನು ಕಿತ್ತುಕೊಂಡು, ಒರೆಸಿದ ಗುರುತುಗಳನ್ನು ಮತ್ತೆ ಹಾಕಿ, ತಲೆಯ ಮೇಲೆ ಸೆರಗೆಳೆದುಕೊಂಡು, ಮಾವ ಇರುವಾಗ ಒಮ್ಮೆಯೂ ದಾಟದ ಆ ಎರಡು ಅಂಕಣಗಳನ್ನು ದಾಟಿ ಜಗುಲಿಯ ಹೊಸ್ತಿಲ ಮೇಲೆ ನಿಂತಳು.

"ತಪ್ಪು, ಮಾವ. ಐದು ತಪ್ಪು."

ಆ ಮನೆಯಲ್ಲಿ ಸೊಸೆ ಮಾವನಿಗೆ ಆಡಿದ ಮೊದಲನೆಯ ಮಾತು ಅದು. ಮದುವೆಯಾಗಿ ವರ್ಷವಾದ ಮೇಲೆ ಮೊದಲ ಮಾತು ಆಡುವವರು ಬೇರೆ ಏನಾದರೂ ಒಳ್ಳೆಯದನ್ನು ಆರಿಸಿಕೊಳ್ಳುತ್ತಾರೆ. ಷಡಕ್ಷರಪ್ಪನವರು ಸ್ಲೇಟು ನೋಡಿದರು, ಹಿಂದೆ ಕಂಬಕ್ಕೊರಗಿ ನಿಂತ ಹೆಂಡತಿಯನ್ನು ನೋಡಿದರು. ಅವಳು ಹೆದರಿ ಎಲ್ಲವನ್ನೂ ತಾನೇ ಒಪ್ಪಿಕೊಂಡಳು. ಅವರು ಟವಲು ಹೆಗಲಿಗೆ ಹಾಕಿಕೊಂಡು ಸೇತುವೆಯ ಕಡೆಗೆ ಹೊರಟುಹೋದರು. ಊಟಕ್ಕೆ ಬಂದರು, ಉಂಡರು, ಮಲಗಿದರು. ಬೆಳಿಗ್ಗೆ ಸೈರನ್ನಿಗೆ ಎದ್ದು ಹೋದರು. ಕೆಮ್ಮು ಕೂಡ ಇಲ್ಲ.

ಮರುದಿನವೆಲ್ಲ ಜಯಶೀಲಾ ಒಲೆಯ ಮುಂದೆ ಕೂತು ತನ್ನನ್ನೇ ಹಳಿದುಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ತಾನೇ ಮಾಡಿಕೊಂಡೆನಲ್ಲ ಎಂದು ಅಳುವೂ ಬಂತು. ಸಂಜೆ ಸೈರನ್ ಕೂಗಿತು. ಮೇಸ್ತ್ರಿ ಬಂದರು, ಕೈಕಾಲು ತೊಳೆದರು, ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತೆದ್ದರು. ಆಮೇಲೆ ಜಗುಲಿಗೆ ಹೋಗಲಿಲ್ಲ. ಚಾಪೆಯನ್ನು ಎತ್ತಿಕೊಂಡು ಬಂದು ಅಡುಗೆಮನೆಯ ಬಾಗಿಲಿಂದ ಮೂರು ಮಾರು ದೂರದಲ್ಲಿ ಹಾಸಿ ಕೂತು, ಬಾಗಿಲಿನ ಕಡೆಗೆ ಮುಖ ಮಾಡಿ ಹೇಳಿದರು.

"ಐದು ತಪ್ಪು ಅಂದ್ಯಲ್ಲಮ್ಮ. ಯಾವ್ಯಾವ್ದು, ಯಾಕೆ, ಹೇಳು. ನಮ್ ಶಾಪಲ್ಲಿ ಅಚ್ಚು ಕೂದಲೆಳೆಯಷ್ಟು ತಪ್ಪಿದ್ರೂ ನಾನು ಅದನ್ನ ಮಾಡ್ದೋನ ಮುಂದೇನೆ ಒಡೆದು ಹಾಕ್ತೀನಿ. ಪರವಾಗಿಲ್ಲ ಅಂತ ಬಿಟ್ರೆ ಟನ್ನುಗಟ್ಲೆ ಕಬ್ಬಿಣ ಹಾಳು. ಇಪ್ಪತ್ತೆರಡು ವರ್ಷ ಎಲ್ರಿಗೂ ತಪ್ಪು ಅಂದೋನು ನಾನು. ನಂಗೆ ಅನ್ನೋರೇ ಇರ್ಲಿಲ್ಲ."

ಆಮೇಲೆ ಹೆಂಡತಿಯ ಕಡೆ ತಿರುಗಿ, ನಾನು ಇಷ್ಟು ಬುದ್ಧಿವಂತ ಹೇಗಾದೆ ಅಂತ ನಂಗೇ ಒಂದು ಅನುಮಾನ ಇತ್ತು ಬಿಡು ಎಂದರು. ಮೊದಲು ನಕ್ಕವರು ಅವರೇ. ಅವರು ಹಾಗೆ ಹೊಟ್ಟೆ ಕುಣಿಸಿ ನಗುವುದನ್ನು ಮಗ ಹುಟ್ಟಿದಾಗಿನಿಂದ ನೋಡಿರಲಿಲ್ಲವಂತೆ.

ಅಲ್ಲಿಂದ ಮುಂದೆ ಪಾಠ ನಿಜವಾಗಿ ನಡೆಯಿತು. ಹಾಟ್ ಯಾಕೆ ನೌನಲ್ಲ ಎಂದು ಮಾವ ವಾದಕ್ಕಿಳಿದರು. ಕೈಯಿಟ್ಟರೆ ಸುಡುತ್ತದಲ್ಲ, ಸುಡುವಂಥದ್ದು ಇಲ್ಲ ಅಂದರೆ ಹೇಗೆ ಎಂದರು. ಸುಡುವುದು ಕಬ್ಬಿಣ ಮಾವ, ಕಬ್ಬಿಣ ತಣ್ಣಗಾದರೆ ಈ ಪದ ಹೊರಟುಹೋಗುತ್ತದೆ, ಕಬ್ಬಿಣ ಉಳಿಯುತ್ತದೆ, ಉಳಿಯುವುದೇ ನೌನ್ ಎಂದು ಸೊಸೆ ಬಾಗಿಲ ಹಿಂದಿನಿಂದ ಹೇಳಿದಳು. ಅವರು ಸ್ಲೇಟಿನ ಮೇಲಿನ ನೌನನ್ನು ಒರೆಸುತ್ತಾ, ಇದನ್ನ ಮೊದಲೇ ಹೀಗೆ ಹೇಳಬಾರದಿತ್ತೇ ಎಂದರು. ಹೇಳಿದ್ದಳು, ನಾಲ್ಕು ಸಲ ಹೇಳಿದ್ದಳು. ಅದೆಲ್ಲ ಉಗ್ರಾಣ ದಾಟಿರಲಿಲ್ಲ ಅಷ್ಟೇ. ಭಾನುವಾರ ಪೀರ್ ಬಾಷಾರ ಸ್ಲೇಟಿನಲ್ಲಿ ಹತ್ತಕ್ಕೆ ಎಂಟು ತಪ್ಪು ಬಿತ್ತು. ಅವರು ತಲೆಯ ಟೋಪಿ ತೆಗೆದು ಗಾಳಿ ಹಾಕಿಕೊಂಡರು.

ಕಾಶಮ್ಮ ಮಾತ್ರ ಸಣ್ಣಗಾದಳು. ಸ್ಲೇಟು ಈಗ ಮೂರು ಮಾರು ದೂರ ತಾನೇ ಜಾರಿಕೊಂಡು ಹೋಗುತ್ತಿತ್ತು, ಹೊರುವ ಕೆಲಸವಿಲ್ಲ. ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಾ ಕೇಳುತ್ತಿದ್ದಳು. ಗಂಡ ತಡವರಿಸಿದಾಗ ಒಮ್ಮೊಮ್ಮೆ ಅವಳ ಬಾಯಿಂದ ಅಡ್ವರ್ಬು ಎಂದು ಸರಿಯಾದ ಉತ್ತರವೇ ಬಂದುಬಿಡುತ್ತಿತ್ತು. ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಆದರೆ ಆ ನಗು ಬೇಗ ಮುಗಿಯುತ್ತಿತ್ತು. ಸೊಸೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುವುದನ್ನೂ ಬಿಟ್ಟಿದ್ದಳು. ಸ್ಲೇಟಿನ ನಾಚಿಕೆ ಇನ್ನೂ ಹೋಗಿಲ್ಲ ಎಂದುಕೊಂಡು ಜಯಶೀಲಾ ಸುಮ್ಮನಾದಳು.

ಜೂನ್ ಹನ್ನೆರಡು ಬಂತು, ಹೋಯಿತು. ಹದಿನಾರರ ಮಧ್ಯಾಹ್ನ ಫಲಿತಾಂಶ ಗೇಟಿನ ಹಲಗೆಯ ಮೇಲೆ ಬಿತ್ತು. ಸುದ್ದಿ ಮೊದಲು ತಂದವರು ಪೀರ್ ಬಾಷಾ. ಸೈಕಲ್ಲಿನಿಂದ ಇಳಿಯುವ ಮೊದಲೇ ಬೆಲ್ಲು ಬಾರಿಸುತ್ತಾ ಬಂದರು. ಅವರಿಗೆ ಹದಿಮೂರು, ಷಡಕ್ಷರಪ್ಪನವರಿಗೆ ಹದಿನೆಂಟು. ಹದಿಮೂರು ಬಂದವರಿಗೇ ಖುಷಿ ಜಾಸ್ತಿಯಾದಂತಿತ್ತು. ಒಂದೇ ಒಂದು ಅಂಕದಲ್ಲಿ ಪಾರಾದವನ ಸುಖ ನಿಮಗೆ ಗೊತ್ತಿಲ್ಲ ಅಕ್ಕಾವ್ರೇ ಎಂದು ಕಾಶಮ್ಮನಿಗೆ ಹೇಳಿ, ಒಳಗಿರುವ ಮೇಡಂಗೆ ಸಲಾಂ ಹೇಳಿ ಹೋದರು.

ಸಂಜೆ ಮೇಸ್ತ್ರಿ, ಇನ್ನು ಫೋರ್‌ಮನ್ನರು, ಬಜಾರಿನಿಂದ ಬೂಂದಿಲಾಡು ಕಟ್ಟಿಸಿಕೊಂಡು ಬಂದರು. ಪಕ್ಕದಲ್ಲಿ ಮಗ; ಅವತ್ತು ಅಪ್ಪ ಮಗ ಸೇತುವೆಯ ಮೇಲೆ ಒಟ್ಟಿಗೇ ನಡೆದು ಬಂದದ್ದನ್ನು ಓಲ್ಡ್ ಟೌನಿನವರು ಕಂಡರಂತೆ. ಲಾಡನ್ನು ದೇವರ ಮುಂದಿಟ್ಟು, ಷಡಕ್ಷರಪ್ಪನವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ನಿನಗೇನು ಬೇಕು ಕೇಳಮ್ಮ ಎಂದರು. ಸೀರೆ ಅನ್ನಬೇಡ, ಸೀರೆ ಹೇಗೂ ತರುತ್ತೇನೆ, ಬೇರೆ ಏನಾದರೂ ಕೇಳು ಎಂದರು.

ಒಂದು ವರ್ಷದಿಂದ ಆ ಪ್ರಶ್ನೆಗೇ ಕಾದಿದ್ದಳು. ರೊಟ್ಟಿ ತಟ್ಟುವಾಗ, ನೀರು ಸೇದುವಾಗ, ಉತ್ತರವನ್ನು ಸಾವಿರ ಸಲ ಹೇಳಿಕೊಂಡಿದ್ದಳು. ಈಗ ನೋಡಿದರೆ, ಮಾವನಿಗೆ ತಪ್ಪು ಅನ್ನುವುದಕ್ಕೆ ಬಂದ ಧೈರ್ಯ, ನನಗೆ ಬೇಕು ಅನ್ನುವುದಕ್ಕೆ ಬರಲಿಲ್ಲ. ಹೆಣ್ಣುಮಕ್ಕಳಿಗೆ ಅದೊಂದು ಮಾತು ಎಷ್ಟು ಕಷ್ಟ ಅನ್ನುವುದನ್ನು ಆ ಕಾಲದವರನ್ನೇ ಕೇಳಬೇಕು, ಈ ಕಾಲದವರನ್ನು ಕೇಳಿದರೂ ಆದೀತು. ಗಂಡ ದೂರದಿಂದ ಹೇಳು ಹೇಳು ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ. ಅವಳು ನೆಲ ನೋಡುತ್ತಾ ಏನೂ ಬೇಡ ಮಾವ ಎಂದಳು.

ಹಿಂದಿನಿಂದ ಸೌಟು ಕೆಳಗಿಟ್ಟ ಸದ್ದಾಯಿತು. ಕಾಶಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಇಬ್ಬರ ನಡುವೆ ನಿಂತಳು.

"ಬೇಕು ಅವಳಿಗೆ," ಎಂದಳು. "ಶಿವಮೊಗ್ಗದ ಕಾಲೇಜಿಗೆ ಹೋಗಿ ಉಳಿದ ಒಂದು ವರ್ಷ ಓದ್ಬೇಕು ಅಂತ ಹೋದ ಜೂನಲ್ಲೇ ನನ್ನ ಹತ್ರ ಹೇಳಿದ್ಲು. ನಾನು ನಿಮ್ಗೆ ಹೇಳ್ಲೇ ಇಲ್ಲ. ನೋಡೋಣ ಅಂದ್ರು ಅಂತ ಇವಳಿಗೆ ನಾನೇ ಕಟ್ಟಿ ಹೇಳ್ದೆ. ಈ ಇಪ್ಪತ್ತಕ್ಕೆ ಕಡೇ ದಿನ ಅಂತೆ."

ಯಾಕೆ ಹೇಳಲಿಲ್ಲ ಎಂದು ಷಡಕ್ಷರಪ್ಪನವರು ಕೇಳಿದರು. ದನಿ ಏರಿರಲಿಲ್ಲ. ಕಾಶಮ್ಮ ಗಂಡನನ್ನು ಬಿಟ್ಟು ಸೊಸೆಯ ಮುಖ ನೋಡುತ್ತಾ ಹೇಳಿದಳು.

"ನೀವೆಲ್ಲ ಸೈರನ್ನಿಗೆ ಹೋಗ್ತೀರ, ಸೈರನ್ನಿಗೆ ಬರ್ತೀರ. ಎಲ್ರ ಮಾತನ್ನೂ ಎಲ್ರಿಗೂ ದಾಟಿಸ್ದೆ. ನನ್ನ ಜೊತೆಗೇ ಅಂತ ಮಾತಾಡೋರು ಯಾರಿದ್ರು? ಇಪ್ಪತ್ತಾರು ವರ್ಷ ಆದ್ಮೇಲೆ ಇವಳು ಬಂದ್ಲು. ಬೆಳಿಗ್ಗೆಯಿಂದ ಸಂಜೆ ತನಕ ಅತ್ತೆ, ಅತ್ತೆ ಅಂತ ಏನಾದ್ರೂ ಹೇಳ್ತಾ ಇರ್ತಾಳೆ. ಕಳಿಸೋಕೆ ಮನಸ್ಸಾಗ್ಲಿಲ್ಲ. ಇಟ್ಕೊಂಡೆ."

ಜಯಶೀಲಾಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಒಂದು ಇಡೀ ವರ್ಷ, ಇಲ್ಲದ ಒಂದು 'ನೋಡೋಣ'ಕ್ಕೆ ಕಾದದ್ದು. ಆದರೆ ಸಿಟ್ಟಿನ ಬೆನ್ನಿಗೇ ಅಳು ಬಂತು, ಅಳುವಿನ ಬೆನ್ನಿಗೇ ಈ ಹೆಂಗಸಿನ ಮೇಲೆ ಇನ್ನಿಲ್ಲದ ಅಕ್ಕರೆ ಬಂತು. ತನ್ನ ತಾಯಿ ಕೂಡ ತನ್ನನ್ನು ಹೀಗೆ ಕದ್ದು ಇಟ್ಟುಕೊಂಡಿರಲಿಲ್ಲ. ಒಂದು ಹೆಜ್ಜೆ ಮುಂದೆ ಬಂದು ಅತ್ತೆಯ ಕೈ ಹಿಡಿದುಕೊಂಡಳು. ಒರೆಸಿಕೊಂಡರೂ ಬೇಳೆಯ ಹಿಟ್ಟು ಮೆತ್ತಿಕೊಂಡೇ ಇದ್ದ ಒದ್ದೆ ಕೈ ಅದು.

ಇಪ್ಪತ್ತಾರು ವರ್ಷ ಅನ್ನುವುದನ್ನು ಷಡಕ್ಷರಪ್ಪನವರು ಮನಸ್ಸಿನಲ್ಲಿ ಅಳೆಯುತ್ತಿದ್ದಿರಬೇಕು. ಅಳತೆಯ ಮನುಷ್ಯ ಅವರು. ಆಮೇಲೆ ಹೆಂಡತಿಯ ತಲೆಯ ಮೇಲಿಂದ ಸೊಸೆಯನ್ನು ಕೇಳಿದರು.

"ಬೆಳಿಗ್ಗೆ ಶಿವಮೊಗ್ಗಕ್ಕೆ ರೈಲು ಎಷ್ಟು ಗಂಟೆಗಮ್ಮ?"

"ಎಂಟೂ ಹತ್ತಕ್ಕೆ, ಮಾವ."

ನಾಳೆ ರಜಾ ಹಾಕುತ್ತೇನೆ, ಸೇರಿಸಿಯೇ ಬರೋಣ ಎಂದರು. ಶಿವಶಂಕರ ಅಷ್ಟರಲ್ಲಿ ಲಾಡಿನ ಪೊಟ್ಟಣ ಬಿಚ್ಚಿ ಬಾಯಿಗೆ ಹಾಕಿಕೊಂಡಾಗಿತ್ತು. ಕಾಶಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು, ಮೂಗೊರೆಸಿಕೊಂಡಳು. ಹಿಡಿದ ಕೈಯನ್ನು ಮಾತ್ರ ಬಿಡಲಿಲ್ಲ.

"ಸಂಜೆ ಎಷ್ಟೊತ್ತಿಗೆ ಬರುತ್ತೆ ಅದು?" ಎಂದು ಕೇಳಿದಳು.

ಐದೂವರೆಗೆ ಅತ್ತೆ ಎಂದಳು ಜಯಶೀಲಾ. ಕಾಶಮ್ಮ ಸ್ವಲ್ಪ ಯೋಚಿಸಿ, ಹಾಗಾದರೆ ನಿನ್ನ ಕಾಫಿಗೆ ಐದೂ ಕಾಲಿಗೇ ನೀರು ಇಟ್ಟಿರುತ್ತೇನೆ ಎಂದಳು.